ತೊರೆಯ ದನಿ ಯಾರದು?

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯ ನಲ್ಲಿಯಲ್ಲಿ ಬೆಳಗಿನ ಜಾವ ಮಾತ್ರ ನೀರು ಬರುತ್ತಿತ್ತು. ಅಜ್ಜಿ ಎದ್ದು ಬಚ್ಚಲಮನೆಯ ನಲ್ಲಿಯ ಕೆಳಗೆ ಹಿತ್ತಾಳೆಯ ಬಿಂದಿಗೆಯನ್ನಿಟ್ಟು, ಅಡಿಗೆಮನೆಗೆ ಹೋಗಿ ತನ್ನ ಕೆಲಸಕ್ಕೆ ಕೂತುಬಿಡುತ್ತಿದ್ದಳು. ಬಿಂದಿಗೆ ತುಂಬಿ ತುಳುಕುವುದಕ್ಕೆ ಒಂದು ಕ್ಷಣ ಮುಂಚೆ, ಯಾರೋ ಕರೆದಂತೆ ಎದ್ದುಬಂದು ನಲ್ಲಿ ನಿಲ್ಲಿಸುತ್ತಿದ್ದಳು. ಒಂದು ದಿನವೂ ನೀರು ಚೆಲ್ಲಿದ್ದನ್ನು ನಾನು ಕಾಣೆ. “ಹೇಗೆ ಗೊತ್ತಾಗುತ್ತೆ ಅಜ್ಜಿ?” ಎಂದು ಕೇಳಿದರೆ, “ಅದೇ ಕೂಗಿ ಹೇಳುತ್ತಲ್ಲೋ” ಎನ್ನುತ್ತಿದ್ದಳು.

ಅಜ್ಜಿಯ ಮಾತಿನಲ್ಲಿ ಅರ್ಧ ಶಾಸ್ತ್ರವಿದೆ. ಬಿಂದಿಗೆ ಬರಿದಾಗಿದ್ದಾಗ ಅದರೊಳಗೆ ಗಾಳಿಗಿರುವ ಎಡೆ ದೊಡ್ಡದು. ದೊಡ್ಡ ಎಡೆಯ ಗಾಳಿ ತಗ್ಗಿದ ಸ್ವರದಲ್ಲಿ ಮಾರ್ದನಿಗೊಡುತ್ತದೆ. ನೀರು ಏರಿದಂತೆ ಎಡೆ ಕಿರಿದಾಗುತ್ತದೆ, ಸ್ವರ ಏರುತ್ತದೆ. ನೀರು ಕಂಠಕ್ಕೆ ಬಂದಾಗ ಸ್ವರ ಸರ್ರನೆ ಮೇಲಕ್ಕೆ ಹೋಗುತ್ತದೆ. ಅಜ್ಜಿ ಕೇಳಿ ಎದ್ದುಬರುತ್ತಿದ್ದುದು ಈ ಏರಿಕೆಯನ್ನು. ಜಲತರಂಗದಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ನುಡಿಯುವುದು ಪಿಂಗಾಣಿಯ ಬಟ್ಟಲು. ನೀರು ಬಟ್ಟಲಿಗೆ ಭಾರವಾಗಿ ಕೂತು ಅದರ ಕಂಪನವನ್ನು ನಿಧಾನ ಮಾಡುವುದರಿಂದ, ನೀರು ಹೆಚ್ಚಿದಷ್ಟೂ ಸ್ವರ ಇಳಿಯುತ್ತದೆ.

ಬಿಂದಿಗೆಯೊಳಗಿನ ಗಾಳಿ ಮಾರ್ದನಿ ಕೊಡುತ್ತದೆ, ಸರಿ. ಆದರೆ ಮೊದಲ ದನಿ ಎತ್ತುವವರು ಯಾರು? ಕಾಡಿನ ತೊರೆಗೆ ಬಿಂದಿಗೆಯೂ ಇಲ್ಲ, ಬಟ್ಟಲೂ ಇಲ್ಲ. ಇರುವುದು ಕಲ್ಲು ಮತ್ತು ನೀರು. ಆದರೂ ಅದು ಹಗಲೂ ರಾತ್ರಿ ಜುಳುಜುಳು ಎನ್ನುತ್ತದೆ. ಆ ಜುಳುಜುಳು ಕಲ್ಲಿನದೇ, ನೀರಿನದೇ, ಅಥವಾ ಮೂರನೆಯವರದೇ?

ಮಗು ಕೇಳಬಹುದಾದ ಈ ಪ್ರಶ್ನೆಗೆ ವಿಜ್ಞಾನದಿಂದ ತಕ್ಕ ಉತ್ತರ ದೊರೆತದ್ದು 20ನೆಯ ಶತಮಾನದಲ್ಲಿ ಎಂದರೆ ಆಶ್ಚರ್ಯವಾಗಬಹುದು. ತಂತಿ, ಕೊಳಲು, ಗಂಟೆ, ತಮಟೆಗಳ ಕಂಪನಗಳನ್ನು ಪಂಡಿತರು ಅದಕ್ಕೆ ಮೊದಲೇ ಗಣಿತಕ್ಕೆ ಇಳಿಸಿದ್ದರು. ಇಂಗ್ಲೆಂಡಿನ ಲಾರ್ಡ್ ರೇಲಿ ಅವರು 1877-78ರಲ್ಲಿ ಶಬ್ದಶಾಸ್ತ್ರದ ಮೇಲೆ ಎರಡು ಸಂಪುಟಗಳ ಮಹಾಗ್ರಂಥವನ್ನೇ ಬರೆದಿದ್ದರು. ಆದರೆ ದಿನವೂ ಕಿವಿಗೆ ಬೀಳುವ ತೊರೆಯ ಮಾತು ಹಾಗೆಯೇ ಉಳಿದಿತ್ತು. ತೀರ ಪರಿಚಯದ ವಸ್ತುವನ್ನು ಯಾರೂ ಪ್ರಶ್ನಿಸುವುದಿಲ್ಲ.

ನೀರಿನ ಆಟವನ್ನು ಮೊದಲು ಹಿಡಿಯಹೊರಟವರು ಕಣ್ಣನ್ನು ನಂಬಿದವರು. ಆರ್ಥರ್ ವರ್ದಿಂಗ್‌ಟನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು 1870ರ ದಶಕದಿಂದ ಸುಮಾರು ಮೂವತ್ತು ವರ್ಷ ಒಂದೇ ವಿಷಯದ ಬೆನ್ನು ಹತ್ತಿದರು: ಹನಿಯೊಂದು ಬಿದ್ದಾಗ ಏನಾಗುತ್ತದೆ? ಕತ್ತಲೆಯ ಕೋಣೆಯಲ್ಲಿ ಹನಿಯನ್ನು ಬೀಳಿಸಿ, ವಿದ್ಯುತ್ ಕಿಡಿಯ ಒಂದು ಮಿಂಚಿನಲ್ಲಿ ಕಂಡದ್ದನ್ನು ಮೊದಮೊದಲು ಕೈಯಿಂದ ಬರೆದರು. ಆಮೇಲೆ ಛಾಯಾಚಿತ್ರ ತೆಗೆದರು. ಹನಿ ಬಿದ್ದೊಡನೆ ನೀರಿನಲ್ಲಿ ಗುಳಿ ಬೀಳುತ್ತದೆ. ಗುಳಿಯ ಅಂಚು ಕಿರೀಟದಂತೆ ಮೇಲೇಳುತ್ತದೆ. ಗುಳಿ ಮುಚ್ಚಿಕೊಂಡಾಗ ನಡುವಿನಿಂದ ನೀರಿನ ಸಣ್ಣ ಕಂಬವೊಂದು ಚಿಮ್ಮುತ್ತದೆ. 1908ರಲ್ಲಿ ಅವರು ಈ ಚಿತ್ರಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಿದರು. ಅವರ ಮುಖ್ಯ ಗುರಿ ಆಕಾರ. ಕಿರೀಟವನ್ನು ಲೋಕ ಕಂಡಿತು. ಟಪ್ ಎಂಬ ಸದ್ದು ಇನ್ನೂ ಒಗಟಾಗಿಯೇ ಇತ್ತು.

ಕಿವಿಗೊಟ್ಟವರಲ್ಲಿ ಸರ್ ವಿಲಿಯಂ ಬ್ರಾಗ್ ಒಬ್ಬರು. ಸ್ಫಟಿಕಗಳ ಸಂಶೋಧನೆಗಾಗಿ ಮಗನೊಡನೆ 1915ರ ನೊಬೆಲ್ ಬಹುಮಾನ ಪಡೆದ ಈ ವಿದ್ವಾಂಸರು, 1919ರ ಕ್ರಿಸ್‌ಮಸ್ ಕಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಶಬ್ದಲೋಕವನ್ನು ಕುರಿತು ಉಪನ್ಯಾಸಮಾಲೆ ನಡೆಸಿದರು. ಮರುವರ್ಷ ಅದು ಪುಸ್ತಕವಾಯಿತು. ಹರಿಯುವ ನೀರಿನ ಸದ್ದಿಗೆ ಅದರಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳೇ ಕಾರಣವೆಂಬ ಸೂಚನೆ ಅಲ್ಲಿ ಬಂತು.

ಅದೇ 1920ರಲ್ಲಿ ಕಲ್ಕತ್ತೆಯಿಂದಲೂ ಒಂದು ಪುಟ್ಟ ಲೇಖನ ಲಂಡನ್ನಿನ ‘ಫಿಲಸಾಫಿಕಲ್ ಮ್ಯಾಗಜೀನ್’ ಪತ್ರಿಕೆಗೆ ಹೋಗಿ ಅಚ್ಚಾಯಿತು. ವಿಷಯ, ನೀರಿಗೆ ಬೀಳುವ ವಸ್ತುಗಳು ಮಾಡುವ ಸದ್ದು. ಬರೆದವರು ಆಶುತೋಷ ದೇ ಮತ್ತು ಚಂದ್ರಶೇಖರ ವೆಂಕಟ ರಾಮನ್. ಬೆಳಕಿನ ರಾಮನ್ ಅವರನ್ನು ನಾವೆಲ್ಲ ಬಲ್ಲೆವು. ಪಿಟೀಲು, ಮೃದಂಗ, ತಬಲಗಳ ಸ್ವರವನ್ನು ಅಳೆದ ರಾಮನ್ ಅವರನ್ನೂ ಕೆಲವರು ಬಲ್ಲರು. ಅವರು ನೀರಿನ ಸದ್ದಿಗೂ ಒಮ್ಮೆ ಕಿವಿಗೊಟ್ಟಿದ್ದರೆಂಬುದು ಅಷ್ಟಾಗಿ ತಿಳಿದಿಲ್ಲ.

ಪ್ರಶ್ನೆಗೆ ಲೆಕ್ಕದ ಉತ್ತರ ಅದೇ ಪತ್ರಿಕೆಯಲ್ಲಿ 1933ರಲ್ಲಿ ಬಂತು; ರಾಮನ್ ಅವರು ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದ ವರ್ಷವೂ ಅದೇ. ಬರೆದವರು ಹಾಲೆಂಡಿನ ಯೂಟ್ರೆಕ್ಟ್ ನಗರದ ಮಾರ್ಸೆಲ್ ಮಿನ್ನಾರ್ಟ್. ಅವರ ಕಸುಬು ಖಗೋಳಶಾಸ್ತ್ರ. ಸೂರ್ಯನ ಬೆಳಕಿನ ರೇಖೆಗಳನ್ನು ಅಳೆದು ಪಟ್ಟಿ ಮಾಡುವ ಕೆಲಸ. ಅಂಥವರು ತೊರೆಯ ದಡಕ್ಕೆ ಹೇಗೆ ಬಂದರು ಎಂಬುದಕ್ಕೆ ಅವರ ಬಾಳನ್ನು ಸ್ವಲ್ಪ ನೋಡಬೇಕು.

ಮಿನ್ನಾರ್ಟ್ ಹುಟ್ಟಿದ್ದು ಬೆಲ್ಜಿಯಂನ ಬ್ರೂಜ್ ಊರಿನಲ್ಲಿ, 1893ರಲ್ಲಿ. ಮೊದಲು ಕಲಿತದ್ದು ಜೀವಶಾಸ್ತ್ರ. ಭೌತಶಾಸ್ತ್ರಕ್ಕೆ ಬಂದದ್ದು ಆಮೇಲೆ. ಗೆಂಟ್ ವಿಶ್ವವಿದ್ಯಾಲಯದಲ್ಲಿ ಫ್ರೆಂಚಿಗೆ ಬದಲಾಗಿ ಜನರ ಭಾಷೆಯಲ್ಲಿ ಪಾಠವಾಗಬೇಕೆಂಬ ಚಳವಳಿಯಲ್ಲಿ ಅವರು ಸೇರಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ದೇಶವನ್ನು ಆಕ್ರಮಿಸಿಕೊಂಡಿದ್ದಾಗ ಅಂಥ ಪಾಠ ಅಲ್ಲಿ ನಡೆಯಿತು. ಮಿನ್ನಾರ್ಟ್ ಅಲ್ಲಿ ಕಲಿಸಿದರು. ಜರ್ಮನರು ಸೋತ ಮೇಲೆ, 1918ರಲ್ಲಿ, ಊರು ಬಿಟ್ಟು ಹಾಲೆಂಡಿಗೆ ಓಡಬೇಕಾಯಿತು. ವಿಧಿಯ ವಿಚಿತ್ರವೆಂದರೆ, ಎರಡನೆಯ ಮಹಾಯುದ್ಧದಲ್ಲಿ ಅದೇ ಮಿನ್ನಾರ್ಟರನ್ನು ನಾಜಿಗಳು 1942ರಲ್ಲಿ ಹಿಡಿದು ಸೆರೆಯಲ್ಲಿಟ್ಟರು. ಅವರು ಸೆರೆಯಲ್ಲೂ ಸಂಗಡಿಗರಿಗೆ ವಿಜ್ಞಾನದ ಪಾಠ ಹೇಳಿದರು.

ಅವರ ಮನಸ್ಸು ಪ್ರಯೋಗಶಾಲೆಯ ಗೋಡೆಗಳಾಚೆ ತಿರುಗಾಡುವ ಮನಸ್ಸು. ಬಯಲಿನಲ್ಲಿ ನಡೆಯುವವನ ಕಣ್ಣಿಗೆ ಬೀಳುವ ಕಾಮನಬಿಲ್ಲು, ನೆರಳು, ಮರೀಚಿಕೆ, ಕಿವಿಗೆ ಬೀಳುವ ಗಾಳಿ ನೀರುಗಳ ಸದ್ದು – ಇವುಗಳನ್ನೇ ವಿಷಯವಾಗಿಟ್ಟುಕೊಂಡು ಬಯಲಿನ ಭೌತಶಾಸ್ತ್ರವೆಂಬ ಗ್ರಂಥವನ್ನು ಸಂಪುಟಗಳಲ್ಲಿ ಬರೆದರು. ಇಂಥವರಿಗೆ ತೊರೆ ಒಂದು ಪ್ರಶ್ನೆಯಾಗಿ ಕೇಳಿಸಿದ್ದು ಸಹಜ.

ಮಿನ್ನಾರ್ಟರು ನೀರಿನೊಳಗೆ ನಳಿಗೆಯ ತುದಿಯಿಂದ ಗುಳ್ಳೆಗಳನ್ನು ಬಿಟ್ಟು ಅವುಗಳ ಸ್ವರವನ್ನು ಕೇಳಿದರು. ಕೇಳಿದ್ದಕ್ಕೆ ಗಣಿತ ಕಟ್ಟಿದರು. ಅವರ ವಾದ ಸರಳ. ಗುಳ್ಳೆಯೊಳಗಿನ ಗಾಳಿ ಸುರುಳಿಯ ಸ್ಪ್ರಿಂಗಿನ ಹಾಗೆ: ಅದುಮಿದರೆ ಹಿಗ್ಗುತ್ತದೆ, ಹಿಗ್ಗಿದರೆ ಕುಗ್ಗುತ್ತದೆ. ಸುತ್ತಲಿನ ನೀರು ಆ ಸ್ಪ್ರಿಂಗಿಗೆ ಕಟ್ಟಿದ ಭಾರ. ನೀರಿನಲ್ಲಿ ಗುಳ್ಳೆ ಹುಟ್ಟುವಾಗ, ಅದರ ಬಾಯಿ ಮುಚ್ಚಿಕೊಳ್ಳುವ ಕ್ಷಣದಲ್ಲಿ, ಒಳಗಿನ ಗಾಳಿಗೆ ಒಂದು ಪೆಟ್ಟು ಬೀಳುತ್ತದೆ. ಆ ಪೆಟ್ಟಿಗೆ ಗುಳ್ಳೆ ಹಿಗ್ಗಿ ಕುಗ್ಗಿ ಗಂಟೆಯಂತೆ ನುಡಿದು, ರೆಪ್ಪೆ ಮಿಟುಕಿಸುವಷ್ಟರಲ್ಲಿ ಸುಮ್ಮನಾಗುತ್ತದೆ. ತೊರೆಯ ದನಿಯೆಂದರೆ ಹೀಗೆ ಹುಟ್ಟುತ್ತ ನುಡಿಯುತ್ತ ಸಾಯುತ್ತಿರುವ ಸಾವಿರಾರು ಗುಳ್ಳೆಗಳ ಸಮೂಹಗಾನ.

ಸ್ವರವನ್ನು ಗೊತ್ತುಮಾಡುವುದು ಗುಳ್ಳೆಯ ಗಾತ್ರ. ನೀರಿನ ಮೇಲ್ಮೈಯ ಹತ್ತಿರ, 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,260 ಸಲ ಕಂಪಿಸುತ್ತದೆ. 1 ಸೆಂಟಿಮೀಟರ್ ತ್ರಿಜ್ಯದ್ದು ಸುಮಾರು 326 ಸಲ. ಗುಳ್ಳೆ ಎರಡರಷ್ಟು ದೊಡ್ಡದಾದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಇಳಿಯುತ್ತದೆ. ಸೆಕೆಂಡಿಗೆ 326 ಕಂಪನಗಳ ಸ್ವರದ ಅಲೆ ನೀರಿನೊಳಗೆ ಸುಮಾರು ನಾಲ್ಕೂವರೆ ಮೀಟರ್ ಉದ್ದವಿರುತ್ತದೆ. ಅಷ್ಟು ಉದ್ದದ ಅಲೆಯನ್ನು ನೆಲ್ಲಿಕಾಯಿ ಗಾತ್ರದ ಗಾಳಿಯ ಗುಳ್ಳೆ ಎಬ್ಬಿಸುತ್ತದೆ. ಗಾಳಿ ಇಲ್ಲದ ಬರಿಯ ನೀರಿಗೆ ಈ ಸಾಮರ್ಥ್ಯವಿಲ್ಲ. ನೀರು ಹೆಚ್ಚು ಕಡಿಮೆ ಮೂಗ. ಅದರ ಬಾಯಿ ಗಾಳಿ.

ಈ ಲೇಖನಕ್ಕೆ ಆಗ ಲೋಕೋಪಯೋಗವೇನೂ ಕಾಣುತ್ತಿರಲಿಲ್ಲ. ಆದರೆ ಯುದ್ಧ ಬಂತು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಸಮುದ್ರದೊಳಗೆ ಕಿವಿಯಿಟ್ಟ ನೌಕಾಪಡೆಗಳಿಗೆ, ಸಮುದ್ರವೇ ಎಷ್ಟು ಗದ್ದಲಗಾರನೆಂದು ತಿಳಿಯಿತು. ವೈರಿಯ ಸದ್ದನ್ನು ಬೇರ್ಪಡಿಸಬೇಕಾದರೆ ಅಲೆಯ ಸದ್ದು, ಮಳೆಯ ಸದ್ದು ಯಾವುದೆಂದು ಮೊದಲು ತಿಳಿಯಬೇಕು. ಅಮೆರಿಕದಲ್ಲಿ ಫ್ರಾನ್ಜ್ ಎಂಬವರು ಹನಿ ಬಿದ್ದಾಗ ನೀರೊಳಗೆ ಹುಟ್ಟುವ ಸದ್ದನ್ನು ಅಳೆದು 1959ರಲ್ಲಿ ಪ್ರಕಟಿಸಿದರು. ಹನಿ ತಾಗಿದಾಗಿನ ಚಿಕ್ಕ ಪೆಟ್ಟು ಒಂದು, ಆಮೇಲೆ ಗುಳ್ಳೆಯ ಸ್ವರ ಇನ್ನೊಂದು. ಗುಳ್ಳೆ ಹುಟ್ಟಿದರೆ ಅದರದೇ ಮೇಲುಗೈ.

1980ರ ದಶಕದಲ್ಲಿ ಇನ್ನೊಂದು ಸೊಗಸಾದ ಸಂಗತಿ ಹೊರಬಿತ್ತು. ತುಂತುರು ಮಳೆ ಬೀಳುವಾಗ ನೀರಿನೊಳಗೆ ಸೆಕೆಂಡಿಗೆ ಸುಮಾರು 14,000ದಿಂದ 15,000 ಕಂಪನಗಳ ಸೀಟಿಯಂಥ ಸದ್ದು ಏಳುತ್ತದೆ. ಕ್ರಮ್, ಪಂಫ್ರಿ, ಪ್ರಾಸ್ಪೆರೆಟ್ಟಿ ಮೊದಲಾದವರು ಇದರ ಕಾರಣ ಹುಡುಕಿದರು. ಸುಮಾರು 1 ಮಿಲಿಮೀಟರ್ ಅಡ್ಡಳತೆಯ ಸಣ್ಣ ಹನಿಗಳು ಬಿದ್ದಾಗ ತಪ್ಪದೆ ಒಂದೊಂದು ಗುಳ್ಳೆಯನ್ನು ಸೆರೆಹಿಡಿಯುತ್ತವೆ. ಅದಕ್ಕಿಂತ ತುಸು ದೊಡ್ಡ ಹನಿಗಳಿಗೆ ಈ ಚಳಕವಿಲ್ಲ. ಹೀಗಾಗಿ ಆ ಎತ್ತರದ ಸ್ವರದಲ್ಲಿ ತುಂತುರು ಮಳೆ ತನ್ನ ಯೋಗ್ಯತೆಗೆ ಮೀರಿ ಕೂಗುತ್ತದೆ! ಮಳೆಮಾಪಕ ಇಡಲಾಗದ ನಡುಗಡಲಿನಲ್ಲಿ, ನೀರೊಳಗಿನ ಸದ್ದನ್ನು ಕೇಳಿ ಮಳೆಯನ್ನು ಅಳೆಯುವ ವಿಧಾನ ಈ ತಿಳಿವಿನಿಂದ ಬೆಳೆಯಿತು. ನೊರೆಯಲ್ಲಿರುವಂತೆ ಗುಳ್ಳೆಗಳು ಮೋಡವಾಗಿ ಕೂಡಿದಾಗ, ಒಂದೊಂದೂ ಬೇರೆ ನುಡಿಯದೆ ಇಡೀ ಮೋಡ ಒಂದಾಗಿ ಹಿಗ್ಗಿ ಕುಗ್ಗಿ ತಗ್ಗು ಸ್ವರದಲ್ಲಿ ಗುಡುಗಬಲ್ಲದೆಂಬುದೂ ಅದೇ ಕಾಲದಲ್ಲಿ ತಿಳಿದುಬಂತು.

ಇನ್ನು ಕಥೆಯ ಎರಡನೆಯ ಭಾಗ. ಶಾಸ್ತ್ರಜ್ಞರು ನಿಧಾನವಾಗಿ ಹೀಗೆ ಹೆಜ್ಜೆಯಿಡುತ್ತಿದ್ದಾಗ, ರಂಗಭೂಮಿಯವರೂ ರೇಡಿಯೋದವರೂ ಅವರಿಗಾಗಿ ಕಾಯಲಿಲ್ಲ. ಮರದ ಪೀಪಾಯಿಯಲ್ಲಿ ಒಣ ಬಟಾಣಿ ಹಾಕಿ ತಿರುಗಿಸಿದರೆ ಮಳೆ; ಬೋಗುಣಿಯ ನೀರಿನಲ್ಲಿ ಕೈಯಾಡಿಸಿದರೆ ನದಿ. ಸಿನಿಮಾ ಬಂದ ಮೇಲೆ ಧ್ವನಿಮುದ್ರಣವಿತ್ತು. ನಾಯಕ ಹೊಳೆಗೆ ಕಾಲಿಡುವುದು ಯಾವ ಕ್ಷಣವೆಂದು ಮೊದಲೇ ಗೊತ್ತು. ಆ ಕ್ಷಣಕ್ಕೆ ಒಂದು ಸದ್ದನ್ನು ಅಂಟಿಸಿದರಾಯಿತು.

ತೊಡಕು ಬಂದದ್ದು ಗಣಕಯಂತ್ರದ ಕೃತಕ ಲೋಕಗಳಲ್ಲಿ. ಆ ಲೋಕದೊಳಗೆ ಹೊಕ್ಕವನು ನೀರಿಗೆ ಕಲ್ಲೆಸೆಯುವನೋ, ಬೊಗಸೆಯಲ್ಲಿ ಮೊಗೆಯುವನೋ, ಕೊಡ ಮುಳುಗಿಸುವನೋ ಯಾರೂ ಮೊದಲೇ ಹೇಳಲಾರರು. ಎಲ್ಲಕ್ಕೂ ಒಂದೇ ಮುದ್ರಿತ ಸದ್ದನ್ನು ಹಾಕಿದರೆ ಮೂರನೆಯ ಸಲಕ್ಕೆ ಕಿವಿ ಮೋಸವನ್ನು ಹಿಡಿದುಬಿಡುತ್ತದೆ. ನೀರು ಒಂದೇ ಮಾತನ್ನು ಎರಡು ಸಲ ಆಡುವುದಿಲ್ಲವೆಂದು ಕಿವಿಗೆ ಗೊತ್ತು.

ಚಿತ್ರದ ವಿಷಯದಲ್ಲಿ ಗಣಕಯಂತ್ರ ಬೇಗನೆ ಪಳಗಿತು. 1997ರ ‘ಟೈಟಾನಿಕ್’ ಚಿತ್ರದ ಕಡಲಿನ ಹಲವು ದೃಶ್ಯಗಳು ಗಣಿತದಿಂದ ಹುಟ್ಟಿದವು. 1999ರಲ್ಲಿ ಯೋಸ್ ಸ್ಟಾಮ್ ಎಂಬವರು ದ್ರವದ ಹರಿವನ್ನು ಲೆಕ್ಕ ತಪ್ಪಿಹೋಗದಂತೆ ಬಿಡಿಸುವ ಉಪಾಯ ಕೊಟ್ಟ ಮೇಲೆ ಹೊಗೆ, ನೀರುಗಳ ಚಿತ್ರಣ ಸುಲಭವಾಯಿತು. ಆದರೆ ಆ ನೀರು ಮೂಗನಾಗಿಯೇ ಉಳಿಯಿತು. ಕಣ್ಣಿಗೆ ಸೆಕೆಂಡಿಗೆ 24 ಚಿತ್ರ ಸಾಕು; ಕಿವಿಗೆ, ಸಂಗೀತದ ಸಿ.ಡಿ.ಯ ಲೆಕ್ಕದಲ್ಲಿ, ಸೆಕೆಂಡಿಗೆ 44,100 ಅಂಕಿಗಳು ಬೇಕು. ಜೊತೆಗೆ, ಅಲೆಯನ್ನು ಬಿಡಿಸುವ ಲೆಕ್ಕಕ್ಕೆ ಮಿಲಿಮೀಟರ್ ಗಾತ್ರದ ಗುಳ್ಳೆ ಕಾಣಿಸುವುದೇ ಇಲ್ಲ. ಗುಳ್ಳೆಯಿಲ್ಲದ ನೀರು ನುಡಿಯುವುದಾದರೂ ಹೇಗೆ?

ದಾರಿ ಮಿನ್ನಾರ್ಟರಲ್ಲಿಗೇ ಹಿಂದಿರುಗಿತು. ಕೆನಡದ ವ್ಯಾಂಕೂವರಿನಲ್ಲಿದ್ದ ಕೇಸ್ ವಾನ್ ಡೆನ್ ಡೂಲ್ ಅವರು 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನೀರನ್ನು ಬಿಟ್ಟು ಗುಳ್ಳೆಗಳನ್ನು ಮಾತ್ರ ಹಿಡಿದರು. ಎಷ್ಟು ಗುಳ್ಳೆ, ಯಾವ ಯಾವ ಗಾತ್ರ, ಎಷ್ಟು ಹೊತ್ತಿಗೊಂದು ಎಂದು ಹೇಳಿದರೆ ಸಾಕು. ಯಂತ್ರ ಪ್ರತಿಯೊಂದಕ್ಕೂ ಮಿನ್ನಾರ್ಟರ ಸ್ವರವನ್ನು ಕೊಟ್ಟು ಎಲ್ಲವನ್ನೂ ಕೂಡಿಸುತ್ತದೆ. ಗುಳ್ಳೆ ಮೇಲ್ಮೈಗೆ ಏರಿದಂತೆ ಸ್ವರ ತುಸು ಏರಬೇಕೆಂಬ ಸೂಕ್ಷ್ಮವನ್ನೂ ಅವರು ಸೇರಿಸಿದರು. ‘ಗುಳುಕ್’ ಎಂಬ ಸದ್ದಿನ ಕೊನೆಯ ಆ ಮೇಲ್ಮುಖದ ಎಳೆತವನ್ನು ನೆನೆದುಕೊಂಡರೆ ಇದರ ಮರ್ಮ ತಿಳಿಯುತ್ತದೆ. ಅಂಕಿಗಳನ್ನು ಬದಲಿಸಿದಂತೆ ಹನಿ, ಮಳೆ, ತೊರೆ ಎಲ್ಲವೂ ಅದೇ ಯಂತ್ರದಿಂದ ಹೊರಟವು.

ಇಲ್ಲಿ ಒಂದು ಕೊರತೆ ಇತ್ತು. ಗುಳ್ಳೆಗಳು ಕಣ್ಣಿಗೆ ಕಾಣುವ ನೀರಿಗೆ ಸೇರಿದವುಗಳಲ್ಲ. ಸದ್ದು ಒಂದು ಕಡೆ, ಚಿತ್ರ ಒಂದು ಕಡೆ. 2009ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಚಾಂಗ್‌ಶಿ ಜೆಂಗ್ ಮತ್ತು ಡಗ್ ಜೇಮ್ಸ್ ಇವೆರಡನ್ನೂ ಬೆಸೆದರು. ಗಣಿತದಲ್ಲಿ ಸುರಿಯುವ ನೀರಿನೊಳಗೇ ಗುಳ್ಳೆಗಳನ್ನು ಬಿತ್ತಿ, ಅವುಗಳ ಕಂಪನ ನೀರಿನ ಮೇಲ್ಮೈಯನ್ನು ಅಲುಗಿಸಿ ಗಾಳಿಗೆ ಹೇಗೆ ದಾಟುತ್ತದೆಂದು ಲೆಕ್ಕ ಹಾಕಿದರು. ಮರುವರ್ಷ ಉತ್ತರ ಕೆರೊಲಿನದ ತಂಡವೊಂದು ದುಂಡಗಿಲ್ಲದ ಗುಳ್ಳೆಗಳ ಸ್ವರವನ್ನೂ ಲೆಕ್ಕಕ್ಕೆ ತಂದಿತು. 2016ರಲ್ಲಿ ಲ್ಯಾಂಗ್ಲಾಯ್ಸ್, ಜೆಂಗ್ ಮತ್ತು ಜೇಮ್ಸ್ ಗುಳ್ಳೆಗಳನ್ನು ಹೊರಗಿನಿಂದ ಬಿತ್ತುವುದನ್ನೂ ಬಿಟ್ಟು, ನೀರು ಗಾಳಿ ಎರಡನ್ನೂ ಒಟ್ಟಿಗೆ ಹರಿಯಗೊಟ್ಟರು. ಗುಳ್ಳೆಗಳು ತಾವಾಗಿ ಹುಟ್ಟಿ, ಒಡೆದು, ಕೂಡಿ ನುಡಿದವು. ಲೋಟಕ್ಕೆ ನೀರು ಸುರಿಯುವ ಕೆಲವೇ ಸೆಕೆಂಡುಗಳ ಸದ್ದಿಗೆ ಯಂತ್ರ ಗಂಟೆಗಟ್ಟಲೆ ದುಡಿಯಬೇಕು. ನಮ್ಮ ಅಡಿಗೆಮನೆಯಲ್ಲಿ ನೀರು ಅದನ್ನು ಆ ಕ್ಷಣದಲ್ಲೇ ಮಾಡಿ ಮುಗಿಸುತ್ತದೆ.

ಎಲ್ಲ ಮುಗಿಯಿತೆಂದು ತಿಳಿಯಬಾರದು. ರಾತ್ರಿ ನಿದ್ದೆ ಕೆಡಿಸುವ ತೊಟ್ಟಿಕ್ಕುವ ನಲ್ಲಿಯ ‘ಟುಳುಕ್’ ಎಂಬ ಸದ್ದು ನೀರಿನಿಂದ ಗಾಳಿಗೆ ಬರುವುದು ಹೇಗೆಂಬುದು ಚೆನ್ನಾಗಿ ತಿಳಿದದ್ದು 2018ರಲ್ಲಿ. ಕೇಂಬ್ರಿಜ್‌ನ ಅನುರಾಗ್ ಅಗರವಾಲ್ ಅವರು ಬ್ರೆಜಿಲ್ ದೇಶದಲ್ಲಿ ಗೆಳೆಯರ ಮನೆಯಲ್ಲಿದ್ದಾಗ ಸೋರುವ ಸೂರಿನ ಕೆಳಗಿಟ್ಟ ಬಕೆಟ್ಟಿನ ಸದ್ದಿಗೆ ನಿದ್ದೆ ಬಾರದೆ, ಊರಿಗೆ ಮರಳಿ ಸಂಗಡಿಗರೊಡನೆ ಪ್ರಯೋಗ ಹೂಡಿದರು. ವರ್ದಿಂಗ್‌ಟನ್ನರ ಕಿಡಿಯ ಬದಲು ಅತಿವೇಗದ ಕ್ಯಾಮೆರಾ. ಜೊತೆಗೆ ನೀರಿನ ಮೇಲೊಂದು, ಒಳಗೊಂದು ಧ್ವನಿಗ್ರಾಹಕ. ಹನಿಯ ಪೆಟ್ಟು, ಗುಳಿ, ಚಿಮ್ಮುವ ಕಂಬ ಎಲ್ಲ ಬಹುಮಟ್ಟಿಗೆ ಮೌನ. ಗುಳಿಯ ಕೆಳಗೆ ಸಿಕ್ಕಿಕೊಂಡ ಗುಳ್ಳೆ ಕಂಪಿಸಿ, ಮೇಲಿನ ನೀರನ್ನು ಕೊಂತದಂತೆ ಮೇಲೆ ಕೆಳಗೆ ಅಲುಗಿಸುವುದರಿಂದ ಸದ್ದು ಹೊರಬರುತ್ತದೆ. ಮನೆಮದ್ದೂ ದೊರೆಯಿತು: ಬಕೆಟ್ಟಿನ ನೀರಿಗೆ ಪಾತ್ರೆ ತೊಳೆಯುವ ಸಾಬೂನಿನ ದ್ರವ ಸ್ವಲ್ಪ ಬೆರೆಸಿದರೆ ನೀರಿನ ಮೇಲ್ಮೈ ಎಳೆತ ಕಡಿಮೆಯಾಗಿ ಗುಳ್ಳೆ ಹುಟ್ಟುವುದು ತಪ್ಪುತ್ತದೆ, ಸದ್ದು ನಿಲ್ಲುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನನ್ನ ಮನಸ್ಸು ಜೋಗಕ್ಕೆ ಹೋಯಿತು. ಶರಾವತಿ ಅಲ್ಲಿ ನಾಲ್ಕು ಕವಲಾಗಿ 253 ಮೀಟರ್ ಕೆಳಗೆ ಧುಮುಕುತ್ತದೆ: ರಾಜ, ರಾಣಿ, ರಾಕೆಟ್, ರೋರರ್. ನಾಲ್ಕರಲ್ಲಿ ಒಂದಕ್ಕೆ ಹೆಸರು ಬಂದದ್ದು ರೂಪದಿಂದಲ್ಲ, ದನಿಯಿಂದ. ರೋರರ್ ಎಂದರೆ ಗರ್ಜಿಸುವವನು. ಅದು ನೊರೆಯ ಮೋಡಗಳ ಗರ್ಜನೆಯೆಂದು ಈಗ ಹೇಳಬಹುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆದ ಮೇಲೆ ನಾಡಿಗೆ ಬೆಳಕು ಬಂತು. ಜೋಗದ ದನಿ ಮಾತ್ರ ಮಳೆಗಾಲದ ಅತಿಥಿಯಾಯಿತು. ಬೇಸಗೆಯಲ್ಲಿ ಹೋದವರಿಗೆ ಬಂಡೆ ಕಾಣುತ್ತದೆ. ಗರ್ಜಿಸುವವನು ಹೆಸರಿನಲ್ಲಿ ಮಾತ್ರ ಇರುತ್ತಾನೆ.

ಒಂದು ದಿನ ಯಾರಾದರೂ ಗಣಕಯಂತ್ರದಲ್ಲಿ ಆ ಹಳೆಯ ಜೋಗವನ್ನು ಕಟ್ಟಬಹುದು. ಬಂಡೆಯ ಆಕಾರ ಗೊತ್ತಿದೆ, ಎತ್ತರ ಗೊತ್ತಿದೆ, ಗುಳ್ಳೆಯ ಗಣಿತವೂ ಗೊತ್ತಿದೆ. ಹೊರಬರುವ ಗರ್ಜನೆ ಮೈ ನವಿರೇಳಿಸುವಂತೆಯೂ ಇರಬಹುದು. ಆದರೆ ಅದು ಸರಿಯೇ ಅಲ್ಲವೇ ಎಂದು ಹೇಳಬೇಕಾದವರು ಅಣೆಕಟ್ಟಿಗೆ ಮುಂಚೆ ಆ ದನಿಯನ್ನು ಕಿವಿಯಾರೆ ಕೇಳಿದವರು. ಅವರ ಸಂಖ್ಯೆ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದೆ. ನಮ್ಮ ಮನೆಯಲ್ಲೂ ಈಗ ನೀರು ಸದ್ದಿಲ್ಲದೆ ಕೊಳವೆಯಿಂದ ತೊಟ್ಟಿಗೆ ಹೋಗುತ್ತದೆ. ಬಿಂದಿಗೆ ಅಟ್ಟ ಸೇರಿದೆ. ಅದು ಕೂಗಿ ಹೇಳುತ್ತಿದ್ದುದನ್ನು ನನ್ನ ಮೊಮ್ಮಗ ಕೇಳಿಲ್ಲ. ಮೊನ್ನೆ ಬಿಂದಿಗೆಯನ್ನು ಇಳಿಸಿ, ಹುಳಿ ಹಚ್ಚಿ ತೊಳೆದು, ನಲ್ಲಿಯ ಕೆಳಗಿಟ್ಟೆ. ಹುಡುಗನನ್ನು ಕರೆದು, ಕಣ್ಣು ಮುಚ್ಚಿಕೊಂಡು ಕೂತು, ತುಂಬುವ ಹೊತ್ತಿಗೆ ಹೇಳು ಎಂದೆ. ಮೊದಲ ಸಲ ನೀರು ಚೆಲ್ಲಿತು. ಎರಡನೆಯ ಸಲ ಅವನು ಸರಿಯಾದ ಹೊತ್ತಿಗೆ ಎದ್ದ.